ಕಂಪ್ಯೂಟರ್‌ನಲ್ಲಿ ಟಿವಿ ರೆಕಾರ್ಡಿಂಗ್: ಚಿತ್ರ ಚೆನ್ನಾಗಿ ಬರಲು ನೀವೇನು ಮಾಡಿದಿರಿ?

ಪ್ರಶ್ನೆ: ಸೆಟ್-ಟಾಪ್ ಬಾಕ್ಸ್‌ನ ಹಳದಿ ವೈರನ್ನು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ ಕೊಟ್ಟಿದ್ದೇನೆ. 720×576ರಲ್ಲಿ ರೆಕಾರ್ಡ್ ಮಾಡುತ್ತೇನೆ. ಚಿತ್ರ ಮಸುಕು. ಯಾರಾದರೂ ಓಡಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆ. ಜಾಸ್ತಿ ಖರ್ಚಿಲ್ಲದೆ ಏನು ಮಾಡಬಹುದು?

ಉತ್ತರ 1: ಹಳದಿ ವೈರ್ ಮೊದಲು ಬಿಸಾಕಿ. ಬೆಳಕು, ಬಣ್ಣ ಎರಡೂ ಒಂದೇ ತಂತಿಯಲ್ಲಿ ಬರುತ್ತವೆ. ನನ್ನ ಪರದೆಯಲ್ಲಿ ಸ್ಕೋರ್ ಪಟ್ಟಿಯ ಅಕ್ಷರಗಳ ಅಂಚಿನಲ್ಲಿ ಚುಕ್ಕೆಗಳು ಹರಿದಾಡುತ್ತಿದ್ದವು. ಬೆಳಕು, ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುವ ಎಸ್-ವಿಡಿಯೋ ಕೇಬಲ್ ಹಾಕಿದ ದಿನವೇ ಮಾಯ! ಹಫ್‌ವೈಯುವಿ ಅನ್ನುವ, ವಿಡಿಯೋ ಕುಗ್ಗಿಸುವ ಕೋಡೆಕ್‌ನಲ್ಲೇ ರೆಕಾರ್ಡ್ ಮಾಡುತ್ತೇನೆ, ಚಿತ್ರದಲ್ಲಿ ಒಂದು ಚೂರೂ ನಷ್ಟವಿಲ್ಲ. ಆದರೆ ಡಿಸ್ಕ್ ನುಂಗಿಬಿಡುತ್ತದೆ. ಕುಗ್ಗಿಸದೆ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ, ಇದರಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಇದಕ್ಕೆಂದೇ ಬೇರೆ ಡಿಸ್ಕ್ ಕೊಂಡೆ. ಅದೂ ಕೆಟ್ಟಿತು, ಇನ್ನೊಂದು ಕೊಂಡೆ.

ಉತ್ತರ 2: ಎರಡು ಡಿಸ್ಕ್ ದುಡ್ಡಿಗೆ ಟ್ಯೂನರ್ ಕಾರ್ಡೇ ಬರುತ್ತಿತ್ತಲ್ಲ! ನನ್ನದು ಡಿವಿಬಿ ಕಾರ್ಡ್, ಅಂದರೆ ಡಿಜಿಟಲ್ ಟಿವಿ ಪ್ರಸಾರವನ್ನು ಕಂಪ್ಯೂಟರ್‌ಗೆ ನೇರ ಹಿಡಿಯುವಂಥದ್ದು. ಗಾಳಿಯಲ್ಲಿ ಬಂದ ಡಿಜಿಟಲ್ ಸ್ಟ್ರೀಮ್ ಹಾಗೇ ಫೈಲ್ ಆಗುತ್ತದೆ. ಅನಲಾಗ್ ಮಾಡಿ, ಮತ್ತೆ ಡಿಜಿಟಲ್ ಮಾಡುವ ಕಸರತ್ತೇ ಇಲ್ಲ. ಪ್ರಸಾರ ಎಷ್ಟು ಚೆನ್ನವೋ ರೆಕಾರ್ಡಿಂಗ್ ಅಷ್ಟೇ ಚೆನ್ನ.

ಉತ್ತರ 1: ನಾನು ನೋಡುವ ಚಾನೆಲ್‌ಗಳೆಲ್ಲ ಎನ್‌ಕ್ರಿಪ್ಟ್ (ಬೀಗ ಹಾಕಿದ ಹಾಗೆ) ಆಗಿವೆ. ನಿಮ್ಮ ಕಾರ್ಡ್ ಕಪ್ಪು ಪರದೆ ತೋರಿಸುತ್ತದೆ, ಅಷ್ಟೇ. ಎಲ್ಲರಿಗೂ ಅದೇ ಔಷಧಿ ಹಂಚಬೇಡಿ.

ಉತ್ತರ 3: ವಿಡಿಯೋವನ್ನು ತಾನೇ ಕುಗ್ಗಿಸುವ ಎಂಪೆಗ್-2 ಚಿಪ್ ಇರುವ ಕಾರ್ಡ್ ನನ್ನದು. ಸೆಕೆಂಡಿಗೆ ಎಂಟು ಮೆಗಾಬಿಟ್‌ಗೆ ಇಟ್ಟರೆ ಚಿತ್ರ ಗಟ್ಟಿ. ಪ್ರೊಸೆಸರ್‌ಗೆ ಹೊರೆಯಿಲ್ಲ, ಫ್ರೇಮ್ ಬಿಟ್ಟುಹೋಗುವುದಿಲ್ಲ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗುವುದಿಲ್ಲ. ಆದರೆ ಹೊಸ ವಿಂಡೋಸ್‌ಗೆ ಡ್ರೈವರ್ ಕೊಡಲೇ ಇಲ್ಲ. ಅದೊಂದಕ್ಕಾಗಿ ಹಳೇ ಕಂಪ್ಯೂಟರ್ ಇಟ್ಟುಕೊಂಡಿದ್ದೇನೆ. ಈಗಲೂ ಹೊಟ್ಟೆ ಉರಿಯುತ್ತದೆ.

ಉತ್ತರ 4: ಬಾಚಣಿಗೆ ಗೆರೆ ವೈರ್‌ನಿಂದ ಬರುವುದಲ್ಲ ಸ್ವಾಮಿ, ಇಂಟರ್‌ಲೇಸ್! ಸೆಕೆಂಡಿಗೆ 50 ಫೀಲ್ಡ್, ಅಂದರೆ 50 ಅರ್ಧ ಚಿತ್ರ. ಬೆಸ ಗೆರೆ ಒಂದು ಕ್ಷಣದ್ದು, ಸಮ ಗೆರೆ ಮುಂದಿನ ಕ್ಷಣದ್ದು. ಇದ್ದ ಹಾಗೇ ಉಳಿಸಿ, ನೋಡುವಾಗ ಪ್ಲೇಯರ್‌ನಲ್ಲಿ ಆ ಅರ್ಧಗಳನ್ನು ಸರಿಹೊಂದಿಸುವ ಡಿಇಂಟರ್‌ಲೇಸ್ ಆನ್ ಮಾಡಿ. ನಾನು ಹಾಗೇ ಮಾಡುವುದು, ಪೈಸೆ ಖರ್ಚಿಲ್ಲ.

ಉತ್ತರ 2: ಫೋನಿನಲ್ಲಿ ನೋಡುವವರು ಏನು ಮಾಡಬೇಕು? ಡಿಇಂಟರ್‌ಲೇಸ್ ಮಾಡುವ ಯಾಡಿಫ್ ಫಿಲ್ಟರ್ ಹಾಕಿ ಸೆಕೆಂಡಿಗೆ 25 ಫ್ರೇಮ್ ಮಾಡಿಬಿಡಿ, ಮುಗಿಯಿತು.

ಉತ್ತರ 4: 25 ಮಾಡಿದರೆ ಅರ್ಧ ಚಲನೆ ಹೋಯಿತು! ಕ್ರಿಕೆಟ್ ಚೆಂಡು ಹಾರಿ ಹಾರಿ ಬರುತ್ತದೆ. ಅದೇ ಯಾಡಿಫ್‌ನಲ್ಲಿ 50 ಫ್ರೇಮ್ ಬರುವ ಮೋಡ್ ಇದೆ, ಒಮ್ಮೆ ಹಾಕಿ ನೋಡಿ ಆಮೇಲೆ ಮಾತಾಡಿ.

ಉತ್ತರ 2: ನಾನು ಕ್ರಿಕೆಟ್ ನೋಡುವುದಿಲ್ಲ.

ಉತ್ತರ 3: ಅದಿರಲಿ, ಹಳೇ ಎಂಪೆಗ್ ಕಾರ್ಡ್‌ಗೆ ಲಿನಕ್ಸ್‌ನಲ್ಲಿ ಡ್ರೈವರ್ ಹಾಕಿದವರು ಯಾರಾದರೂ ಇದ್ದೀರಾ?