ಅಪ್‌ಡೇಟ್: ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ಮುಂದಿನ ಡಿಸ್ಕ್, ಪ್ಯಾಡ್ ಬದಲಾಯಿಸಿ ಸ್ವಲ್ಪ ಓಡಿದ ಮೇಲೆ ಸ್ಟೀರಿಂಗ್ ನಡುಗಲು ಶುರುವಾಗಿದೆ, ಗ್ಯಾರೇಜಿನವರು 'ಓಡಿಸ್ತಾ ಸರಿಹೋಗುತ್ತೆ' ಅಂತಾರೆ, ಏನು ಮಾಡಲಿ ಎಂದು ಕೇಳಿದ್ದೆ. ಓಡಿಸಿದರೆ ಇದು ಸರಿಹೋಗುವುದಿಲ್ಲ, ಹೆಚ್ಚುತ್ತದೆ.

ಹಬ್ (ಡಿಸ್ಕ್, ಚಕ್ರ ಎರಡೂ ಕೂರುವ ತಿರುಗುವ ಭಾಗ) ಮೇಲಿನ ತುಕ್ಕು ಉಜ್ಜದೆ ಡಿಸ್ಕ್ ಕೂರಿಸಿದ್ದರು. ಹಬ್ ಬಳಿ ಕೂದಲೆಳೆ ತುಕ್ಕಿದ್ದರೂ ಡಿಸ್ಕಿನ ಅಂಚಿನಲ್ಲಿ ಓರೆ ಇನ್ನೂ ಹೆಚ್ಚಾಗಿ ಕಾಣುತ್ತದೆ. ನಟ್‌ಗಳನ್ನು ಬಿಗಿಮಾಡಿ, ಅಂಚಿನಿಂದ 10 ಮಿ.ಮೀ. ಒಳಗೆ ಡಯಲ್ ಗೇಜ್ (ಸಣ್ಣ ಓಲಾಟ ಅಳೆಯುವ ಮುಳ್ಳಿನ ಮೀಟರ್) ಇಟ್ಟು ಡಿಸ್ಕ್ ತಿರುಗಿಸಿದಾಗ ಬಲಗಡೆ ಓರೆ 0.14 ಮಿ.ಮೀ. ಬಂತು. ಸಾಮಾನ್ಯ ಮಿತಿ 0.05ರಿಂದ 0.10, ನಿಮ್ಮ ಕಾರಿನ ಮ್ಯಾನುಯಲ್ ನೋಡಿಕೊಳ್ಳಿ.

'ಡಿಸ್ಕೇ ಡಿಫೆಕ್ಟ್' ಎಂಬ ಗ್ಯಾರೇಜಿನವರ ವಾದಕ್ಕೆ ಒಂದೇ ಪರೀಕ್ಷೆ ಸಾಕು. ಗೇಜ್ ಹೆಚ್ಚು ತೋರಿಸಿದ ಜಾಗಕ್ಕೆ ಹಬ್, ಡಿಸ್ಕ್ ಎರಡರ ಮೇಲೂ ಚಾಕ್‌ನಲ್ಲಿ ಗುರುತು ಹಾಕಿ, ಡಿಸ್ಕನ್ನು ಒಂದು ಬೋಲ್ಟ್ ತೂತು ಸರಿಸಿ ಮತ್ತೆ ಅಳೆಯಿರಿ. ಹೆಚ್ಚಿನ ಜಾಗ ಹಬ್ ಗುರುತಿನಲ್ಲೇ ಉಳಿದರೆ ತಪ್ಪು ಹಬ್‌ನದು, ಡಿಸ್ಕ್ ಜೊತೆ ಸರಿದರೆ ಡಿಸ್ಕಿನದು. ಇಲ್ಲಿ ಹಬ್‌ನಲ್ಲೇ ಉಳಿಯಿತು. ಅಳತೆಗಳನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿ, ಫೋಟೋ ತೆಗೆದುಕೊಂಡ ಮೇಲೆ ವಾದ ನಿಂತಿತು. ಬೇರೆ ಕಡೆ ಬಿಚ್ಚಿಸುವ ಮೊದಲು ಅದೇ ಗ್ಯಾರೇಜಿಗೆ ಲಿಖಿತವಾಗಿ ತಿಳಿಸಿ, ಇಲ್ಲದಿದ್ದರೆ 'ಅವರೇ ಹಾಳು ಮಾಡಿದ್ದು' ಅಂದುಬಿಡುತ್ತಾರೆ.

ಬರೀ ತುಕ್ಕು ಉಜ್ಜಿದರೆ ಸಾಲದು. ಓರೆಯಾಗಿ ಓಡಿದ ಡಿಸ್ಕ್ ಒಂದೆಡೆ ಸವೆದಿರುತ್ತದೆ. ಮೈಕ್ರೋಮೀಟರಿನಲ್ಲಿ ಸುತ್ತಲೂ 8 ಕಡೆ ದಪ್ಪ ಅಳೆಸಿ, 0.02 ಮಿ.ಮೀ. ದಾಟಿ ವ್ಯತ್ಯಾಸವಿದ್ದರೆ ಹೊಸದನ್ನೇ ಕೇಳಿ. ನನ್ನ ಕಾರಿನ ಎರಡೂ ಡಿಸ್ಕ್, ಪ್ಯಾಡ್ ಗ್ಯಾರೇಜಿನವರ ಖರ್ಚಿನಲ್ಲೇ ಬದಲಾದವು. ಈ ಸಲ ಇಂಪ್ಯಾಕ್ಟ್ ಗನ್ ಬದಲು ಟಾರ್ಕ್ ವ್ರೆಂಚ್‌ನಲ್ಲಿ (ಬಿಗಿತ ಅಳೆದು ತಿರುಗಿಸುವ ಸ್ಪ್ಯಾನರ್) ನಟ್‌ಗಳನ್ನು ಎದುರುಬದುರಾಗಿ ಬಿಗಿಸಿದರು. ನಡುಕ ಪೂರ್ತಿ ಹೋಗಿದೆ.