ಡಯೆಟ್ ಮಾಡೂ ಮುಂದ ಸ್ಮೋಕರ್‌ನ್ಯಾಗ ಏನೇನು ಬೇಯಿಸಬಹುದ್ರಿ?

ವಿದ್ಯಾನಗರದಾಕಿ, ಹುಬ್ಬಳ್ಳಿ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮೈದುನ ಪರದೇಶದಿಂದ ಬರೂ ಮುಂದ ಒಂದು ಸ್ಮೋಕರ್, ಅಂದ್ರ ಕಟ್ಟಿಗಿ ಹೊಗ್ಯಾಗ ಅಡಗಿ ಬೇಯಿಸೂ ಒಲಿ, ತಂದಾನ. ನೆಟ್ಟಗ ನಿಂದ್ರೂ ಡಬ್ಬಿ ಅದು. ತಳಕ್ಕ ಇದ್ದಲಿ, ನಡುವ ನೀರಿನ ಬೋಗುಣಿ, ಅದರ ಮ್ಯಾಲ ಎರಡು ಜಾಲರಿ, ಮುಚ್ಚಳಕ್ಕೊಂದು ಥರ್ಮಾಮೀಟರ್. ಟೆರೇಸ್ ಮ್ಯಾಲ ಇಟ್ಟೇವಿ.

ಇತ್ತ ಮನ್ಯಾಗ ಇಬ್ಬರದೂ ಡಯೆಟ್ ನಡದೈತಿ. ನಮ್ಮನಿಯವ್ರು ಮೊದಲಿಂದ ಬಿಪಿ ಗುಳಗಿ ತೊಗೋತಾರ, ಈಗ ಶುಗರೂ ಗಡಿಗೆ ಬಂದು ನಿಂತೈತಿ. ನನಗ ತೂಕ ಇಳಸ್ರಿ ಅಂತ ಡಾಕ್ಟರ್ ಹೇಳ್ಯಾರ. ಡಯೆಟಿಷಿಯನ್ ಕೊಟ್ಟ ಚೀಟಿಯಾಗ ಮಧ್ಯಾಹ್ನ ಎರಡ ರೊಟ್ಟಿ, ಪ್ರೋಟೀನ್ ಜಾಸ್ತಿ, ಇಬ್ಬರಿಗೂ ಕೂಡಿ ದಿನಕ್ಕ ಬರೇ ನಾಲ್ಕು ಸಣ್ಣ ಚಮಚ ಎಣ್ಣಿ. ಎಣಗಾಯಿ ಉಂಡು ಬೆಳದ ನಾಲಿಗಿಗೆ ಇದು ಭಾಳ ಕಷ್ಟರಿ. ಹಂಗಂತ ಸಪ್ಪನ ಅಡಗಿ ಮಾಡಿ ಹಾಕಿದ್ರ ಒಂದು ವಾರಕ್ಕ ಡಯೆಟ್ ಮುರದ ಬೀಳತೈತಿ.

ನಾ ಕೇಳೋದು ಇಷ್ಟರಿ. ಸ್ಮೋಕರ್ ಅಡಗಿ ಡಯೆಟ್‌ಗೆ ಕೂಡತೈತೋ ಇಲ್ಲೋ? ಹೊಗಿ ಹಿಡದ ಮಾಂಸದಿಂದ ಕ್ಯಾನ್ಸರ್ ಬರತೈತಿ ಅಂತಾರಲ್ಲ, ಅದು ಎಷ್ಟು ಖರೆ? ಕೋಳಿ ಚರ್ಮ ತಗೀಬೇಕೋ ಬಿಡಬೇಕೋ? ಮೈದುನ ತಂದ ಮಸಾಲಿ ಡಬ್ಬಿ ಓದಿದ್ರ ಮೊದಲನೇ ಹೆಸರ ಸಕ್ಕರಿ, ಎರಡನೇದು ಉಪ್ಪು. ಅದನ್ನ ಬಿಟ್ಟು ಏನು ಹಚ್ಚಲಿ? ಅತ್ತಿಯವ್ರು ಮಾಂಸ ಮುಟ್ಟಂಗಿಲ್ಲ, ಅವ್ರಿಗೂ ಏನರ ಆಗಬೇಕು.

ಕೆಲಗೇರಿ ತ್ವಾಟದವ, ಧಾರವಾಡ:

ಅಕ್ಕಾರ, ಸ್ಮೋಕರ್ ಮೂಲಿಗೆ ಹಾಕಬ್ಯಾಡ್ರಿ. ನಮ್ಮದು ಆಪೂಸ್ ಮಾವಿನ ತ್ವಾಟ. ವರ್ಷಾ ಟೊಂಗಿ ಕಡದಾಗ ಒಣಾ ಕಟ್ಟಿಗಿ ಬೇಕಾದಷ್ಟು ಸಿಗತೈತಿ, ಅದಕ್ಕ ಡ್ರಮ್ ಕೊರದು ನಾವ ಒಂದು ಸ್ಮೋಕರ್ ಮಾಡಿಕೊಂಡೇವಿ. ನಮ್ಮ ಅಪ್ಪಾಗೂ ಶುಗರ್ ಐತಿ, ಹಿಂಗಾಗಿ ಈ ವಿಷಯ ನನಗ ಭಾಳ ಹತ್ತರದ್ದು.

ಮೊದಲ ನಿಮ್ಮ ಅಂಜಿಕಿ ಮಾತು. ಅದು ಖರೇನ ಐತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಾಗ ಸಂಸ್ಕರಿಸಿದ ಮಾಂಸವನ್ನ ಕ್ಯಾನ್ಸರ್ ತರೂ ಪದಾರ್ಥಗಳ ಮೊದಲನೇ ಗುಂಪಿಗೆ ಸೇರಿಸೇತಿ. ಉಪ್ಪು ಹಾಕಿ ಕೆಡದಂಗ ಇಟ್ಟದ್ದು, ಹೊಗಿ ಹಿಡಿಸಿದ್ದು ಎಲ್ಲಾ ಅದರಾಗ ಬರತಾವು. ಅಂಥ ಮಾಂಸ ದಿನಾ 50 ಗ್ರಾಂ ತಿಂದ್ರ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ 18ರಷ್ಟು ಏರತೈತಿ ಅಂತ ಅವರ ಲೆಕ್ಕ. ಇಲ್ಲಿ 'ದಿನಾ' ಅನ್ನೋದು ದೊಡ್ಡ ಮಾತು. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಸ್ಮೋಕರ್ ಹಚ್ಚರಿ, ಅದರಾಗೂ ಅರ್ಧ ಜಾಲರಿ ಕಾಯಿಪಲ್ಲೆಗೆ ಕೊಡ್ರಿ.

ಕೆಟ್ಟದ್ದು ಎಲ್ಲಿಂದ ಬರತೈತಿ ಅನ್ನೋದು ತಿಳಕೊಂಡ್ರ ಅರ್ಧ ಕೆಲಸ ಆತು. ಮಾಂಸದ ಕೊಬ್ಬು ಕರಗಿ ಕೆಂಡದ ಮ್ಯಾಲ ತೊಟ್ಟಿಕ್ಕಿ ಸುಟ್ಟಾಗ, ಮತ್ತ ಕಟ್ಟಿಗಿ ಗಾಳಿ ಸಾಲದ ಹೊಗಿಯಾಡಿದಾಗ, ಪಿಎಎಚ್ ಅನ್ನೂ ರಾಸಾಯನಿಕಗಳು ಹುಟ್ಟತಾವು. ಬೆಂಜೊಪೈರೀನ್ ಅವುಗಳೊಳಗಿಂದು. ಅವು ಹೊಗಿ ಜೊತಿ ಏರಿ ಮಾಂಸದ ಮೈಮ್ಯಾಲ ಕುಂದರತಾವು. ಅದಕ್ಕ ನಿಮ್ಮ ನೀರಿನ ಬೋಗುಣಿ ಎಂದೂ ಖಾಲಿ ಇರಬಾರದು. ಕೊಬ್ಬು ಅದರಾಗ ಬಿದ್ರ ಕೆಂಡಕ್ಕ ಮುಟ್ಟಂಗಿಲ್ಲ, ಶಾಖಾನೂ ಒಂದ ಹದದಾಗ ಇರತೈತಿ.

ಈಗ ಬೆಂಕಿ. ಕಟ್ಟಿಗಿ ಇಟ್ಟ ಕೂಡಲೆ ದಟ್ಟ ಬಿಳಿ ಹೊಗಿ ಏಳತೈತಿ, ಕಣ್ಣು ಉರೀತಾವು. ಆಗ ಮಾಂಸ ಇಡಲೇಬಾರದು. ತಳದ ಗಾಳಿ ಕಿಂಡಿ ತಗದು, ಮ್ಯಾಲಿನ ಕಿಂಡಿ ಪೂರಾ ಬಿಟ್ಟು ಕಾಯ್ರಿ. ಸ್ವಲ್ಪ ಹೊತ್ತಿಗೆ ಹೊಗಿ ತೆಳ್ಳಗ ಆಗಿ, ಬಿಸಲಿಗೆ ಹಿಡದು ನೋಡಿದ್ರ ನೀಲಿ ಛಾಯೆ ಕಾಣತೈತಿ, ವಾಸನಿ ಸಿಹಿ ಅನಸ್ತೈತಿ. ಅದ ಅಡಗಿ ಹೊಗಿ. ಬಿಳಿ ಹೊಗ್ಯಾಗ ಬೇಯಿಸಿದ್ದು ನಾಲಿಗಿಗೂ ಕಹಿ, ಮೈಗೂ ಒಳ್ಳೇದಲ್ಲ. ಕಟ್ಟಿಗಿ ನೆನಸಬೇಕು ಅಂತ ಭಾಳ ಮಂದಿ ಹೇಳತಾರ, ಬ್ಯಾಡ್ರಿ. ನೀರು ಒಳಗ ಇಳಿಯೂದು ಅಷ್ಟಕ್ಕಷ್ಟ, ಅದು ಆರೂತನಕಾ ಬರೇ ಉಗಿ ಬರತೈತಿ, ಬೆಂಕಿನೂ ತಣ್ಣಗಾಗತೈತಿ. ಮಾವು, ಪೇರಲ, ಹುಣಸಿ ಕಟ್ಟಿಗಿ ಚೆಂದ, ಆದ್ರ ತಿಂಗಳಗಟ್ಟಲೆ ಒಣಗಿರಬೇಕು. ಪ್ಲೈವುಡ್, ಬಣ್ಣ ಹಚ್ಚಿದ್ದು, ಪ್ಯಾಕಿಂಗ್ ಪೆಟ್ಟಿಗಿ ಹಲಿಗಿ, ನೀಲಗಿರಿ ಮುಟ್ಟಬ್ಯಾಡ್ರಿ. ಇದ್ದಲಿ ಹೊತ್ತಸಲಿಕ್ಕೆ ಚಿಮಣಿ ಎಣ್ಣಿ ಸುರೀಬ್ಯಾಡ್ರಿ, ಒಣಾ ತೆಂಗಿನ ನಾರು ಸಾಕು. ಮಳಿ ಬಂತಂತ ಸ್ಮೋಕರ್ ಮನಿಯೊಳಗ ತರೂದಂತೂ ಸಾವಿಗೆ ದಾರಿ. ಇದ್ದಲಿಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನಿ ಇಲ್ಲ, ಬಣ್ಣ ಇಲ್ಲ.

ಕೋಳಿ ಮಾತಿಗೆ ಬರ್ತೇನಿ. ಚರ್ಮ ಇಲ್ಲದ ಎದಿ ಭಾಗ ಬೆಂದ ಮ್ಯಾಲ 100 ಗ್ರಾಂಗೆ ಸುಮಾರು 165 ಕ್ಯಾಲೊರಿ, 31 ಗ್ರಾಂ ಪ್ರೋಟೀನ್. ಚರ್ಮ ಸಹಿತ ತಿಂದ್ರ 200ರ ಹತ್ತರ ಹೋಗತೈತಿ. ನನ್ನ ಅಭಿಪ್ರಾಯ ಏನಂದ್ರ, ಚರ್ಮ ಇಟ್ಟ ಬೇಯಿಸ್ರಿ, ತಾಟಿಗೆ ಹಾಕೂ ಮುಂದ ಸುಲದು ಒಗೀರಿ. ಒಳಗಿನ ಮಾಂಸ ಒಣಗಂಗಿಲ್ಲ, ಹೊಗಿಯ ಕಿಟ್ಟ ಚರ್ಮದ ಜೊತಿ ಹೋಗತೈತಿ. ಮಸಾಲಿ ಮಾತ್ರ ಚರ್ಮ ಎತ್ತಿ ಅದರ ಕೆಳಗ ಹಚ್ಚರಿ, ಇಲ್ಲಂದ್ರ ರುಚಿಯೆಲ್ಲಾ ಚರ್ಮದ ಸಂಗಾಟ ಬುಟ್ಟಿಗೆ ಹೋಗತೈತಿ. ಶಾಖ 110ರಿಂದ 130 ಡಿಗ್ರಿಯೊಳಗ ಇರಲಿ. ಎದಿ ತುಂಡಿಗೆ ಒಂದು, ಒಂದೂವರಿ ತಾಸು ಸಾಕು.

ಮಾಂಸಕ್ಕ ಚುಚ್ಚೂ ಥರ್ಮಾಮೀಟರ್ ಒಂದು ತೊಗೊಳ್ರಿ, ಮುಚ್ಚಳದ್ದನ್ನ ನಂಬಬ್ಯಾಡ್ರಿ. ಕೋಳಿ ದಪ್ಪ ಭಾಗದಾಗ 74 ಡಿಗ್ರಿ, ಮೀನು 63. ಹೊಗ್ಯಾಗ ಬೆಂದ ಕೋಳಿ ಪೂರಾ ಬೆಂದ್ರೂ ಅಂಚಿಗೆ ಗುಲಾಬಿ ಬಣ್ಣ ಉಳೀತೈತಿ. ಹೊಗಿಯೊಳಗಿನ ಅನಿಲ ಮಾಂಸದ ಕೆಂಪು ಬಣ್ಣ ಹಿಡದು ನಿಲ್ಲಸತೈತಿ. ಹಸೀ ಐತಿ ಅಂತ ಮನಿಯವ್ರು ಗಾಬರಿ ಆಗಬಾರದು. ಹಂಗ ಬಣ್ಣ ನೋಡಿ ಬೆಂದೈತಿ ಅಂತಾನೂ ಅನಬಾರದು.

ಕಾರವಾರ, ಅಂಕೋಲಾ ಕಡಿಂದ ಬರೂ ಬಂಗಡಿ ಮೀನು ತಾಜಾ ಸಿಕ್ರ ಬಿಡಬ್ಯಾಡ್ರಿ. ಒಮೆಗಾ-3 ಐತಿ, ಒಂದು ಹನಿ ಎಣ್ಣಿ ಬ್ಯಾಡ, ಒಂದು ತಾಸಿನೊಳಗ ಆಗತೈತಿ.

ಕಡೀಕ ಒಂದು ಮಾತು. ನಮ್ಮ ಅಡಗ್ಯಾಗ ರುಚಿ ಹೊರೂದು ಎಣ್ಣಿ. ಒಂದು ದೊಡ್ಡ ಚಮಚ ಅಂದ್ರ 120 ಕ್ಯಾಲೊರಿ, ಹೊಗಿಗೆ ಕ್ಯಾಲೊರಿ ಇಲ್ಲ. ಅದಕ್ಕ ಹೊಗಿಯನ್ನ ಒಗ್ಗರಣಿ ಹಂಗ ಬಳಸ್ರಿ. ಮೊದಲ ಅರ್ಧ ತಾಸು ಕಟ್ಟಿಗಿ ಇಡ್ರಿ, ಆಮ್ಯಾಲ ಬರೇ ಇದ್ದಲಿ ಶಾಖದಾಗ ಬೇಯಲಿ. ರುಚಿಯೆಲ್ಲಾ ಆ ಅರ್ಧ ತಾಸಿನಾಗ ಬಂದಿರತೈತಿ.

ಬೆಟಗೇರಿ ಟೀಚರ್, ಗದಗ:

ನಾವು ಶಾಕಾಹಾರಿಗಳು. ನಿಮ್ಮ ಅತ್ತಿಯವರ ಪರವಾಗಿ ಬರೀಲಿಕ್ಕತ್ತೇನಿ. ಒಂದು ಜಾಲರಿ ಅವರಿಗಂತ ಬ್ಯಾರೆ ಇಡ್ರಿ, ಮತ್ತ ಅದು ಯಾವಾಗ್ಲೂ ಮ್ಯಾಲಿಂದೇ ಇರಲಿ. ಮಾಂಸದ ರಸ ಕೆಳಗ ತೊಟ್ಟಿಕ್ಕತದ. ಸಾಧ್ಯ ಆದ್ರ ಅವರದು ಮೊದಲ ಮಾಡಿ ತಗೀರಿ. ಮಾಂಸದ ಹೊಗಿಯಾಗ ಬೆಂದದ್ದು ಅವರ ಮನಸ್ಸಿಗೆ ಬರೂದಿಲ್ಲ, ಆ ಮರ್ಯಾದಿ ಇಟ್ಟುಕೊಳ್ಳೂದು ಛಲೋ.

ಬದನಿಕಾಯಿಗಿಂತ ದೊಡ್ಡ ಲಾಭ ಯಾವುದೂ ಇಲ್ರಿ. 100 ಗ್ರಾಂಗೆ ಬರೇ 25 ಕ್ಯಾಲೊರಿ, ಆದ್ರ ಬಾಣಲ್ಯಾಗ ಹಾಕಿದ್ರ ಎಷ್ಟು ಎಣ್ಣಿ ಕೊಟ್ಟರೂ ಕುಡೀತದ. ಸ್ಮೋಕರ್‌ನ್ಯಾಗ ಅದು ಎಣ್ಣಿ ಕೇಳೂದೇ ಇಲ್ಲ. ದೊಡ್ಡ ಬದನಿಕಾಯಿಗೆ ನಾಲ್ಕು ಕಡೆ ಚುಚ್ಚಿ, ಮೊದಲ ಗ್ಯಾಸ್ ಮ್ಯಾಲ ಸಿಪ್ಪಿ ಅಲ್ಲಲ್ಲೆ ಕಪ್ಪಾಗೂವರೆಗೆ ಸುಟ್ಟು, ಆಮೇಲೆ ಜಾಲರಿ ಮ್ಯಾಲ ಇಡ್ರಿ. ಜೋಡಿ ಎರಡು ಉಳ್ಳಾಗಡ್ಡಿ, ಟಮಾಟಿ, ಸಿಪ್ಪಿ ಸಹಿತ ಒಂದು ಬಳ್ಳೊಳ್ಳಿ ಗಡ್ಡಿ. ಒತ್ತಿದ್ರ ಬೆರಳು ಇಳಿಯೂ ಹಂಗ ಮೆತ್ತಗಾದ ಮ್ಯಾಲ ಸಿಪ್ಪಿ ತಗದು ಕೈಲೇ ಹಿಸುಕಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಗಟ್ಟಿ ಮೊಸರು, ಚಿಟಿಕಿ ಉಪ್ಪು. ಬಳ್ಳೊಳ್ಳಿ ಎಸಳು ಹಿಚುಕಿದ್ರ ಬೆಣ್ಣಿ ಆಗಿ ಹೊರಗ ಬರತದ, ಅದನ್ನೂ ಕಲಸ್ರಿ. ಬಿಸಿ ಜೋಳದ ರೊಟ್ಟಿ, ಮಗ್ಗಲಕ್ಕ ಹಕ್ಕರಕಿ ತಪ್ಪಲ, ಸವತಿಕಾಯಿ. ಎಣಗಾಯಿ ನೆನಪಾಗೂದಿಲ್ಲ ಅಂತ ನಾ ಹೇಳೂದಿಲ್ಲ, ಆದ್ರ ಹೊಟ್ಟಿ ತುಂಬಿ ಮನಸ್ಸೂ ತುಂಬತದ.

ಒಂದು ಎಚ್ಚರಿಕಿ ಮಾತ್ರ. ಶೇಂಗಾ ಹಿಂಡಿ ಎರಡು ದೊಡ್ಡ ಚಮಚ ಅಂದ್ರ 100 ಕ್ಯಾಲೊರಿ ಸುಮಾರು, ರೊಟ್ಟಿ 50 ಗ್ರಾಂ ಹಿಟ್ಟಿಂದಾದ್ರ 170ರ ಹತ್ತರ. ಹೊಗಿಯಾಗ ಉಳಿಸಿದ ಎಣ್ಣಿ ತಾಟಿನ ಅಂಚಿಗೆ ಬಂದು ಕುಂದರಬಾರದು. ಪನೀರ್‌ದೂ ಹಂಗ. ಹೊಗಿ ಚೆಂದ ಹಿಡೀತದ, ಆದ್ರ 100 ಗ್ರಾಂಗೆ 250ರ ಮ್ಯಾಲ ಕ್ಯಾಲೊರಿ, ಅಳದು ಹಾಕ್ರಿ.

ಬ್ಯಾಡಗಿ ಸಂತಿ, ಹಾವೇರಿ ಜಿಲ್ಲಾ:

ಮಸಾಲಿ ನಾ ಹೇಳತೇನ್ರಿ. ಸಕ್ಕರಿ ಡಬ್ಬಿ ಮುಚ್ಚಿಡ್ರಿ. ಆ ಕೆಂಪು ಬಣ್ಣಕ್ಕ ನಮ್ಮ ಬ್ಯಾಡಗಿ ಮೆಣಸಿನಕಾಯಿ ಐತಲ್ಲ, ಖಾರ ಕಡಿಮಿ, ಬಣ್ಣ ಭರಪೂರ. ಒಂದು ಕಿಲೋ ಕೋಳಿಗೆ ಎರಡು ದೊಡ್ಡ ಚಮಚ ಬ್ಯಾಡಗಿ ಪುಡಿ, ಅರಿಷಿಣ, ಧನಿಯಾ ಜೀರಗಿ ಪುಡಿ, ಬಳ್ಳೊಳ್ಳಿ ಶುಂಠಿ ಅರದದ್ದು, ಅರ್ಧ ವಾಟಿ ಗಟ್ಟಿ ಮೊಸರು, ಒಂದು ಲಿಂಬಿಹಣ್ಣು. ಉಪ್ಪು ಒಂದೂವರಿ ಸಣ್ಣ ಚಮಚ, ಗೀರಿ ಸಮ ಮಾಡಿದ್ದು. ಅಂದ್ರ 9 ಗ್ರಾಂ. 150 ಗ್ರಾಂ ತಿಂದವ್ರಿಗೆ ಒಂದೂವರಿ ಗ್ರಾಂ ಮುಟ್ಟತೈತಿ. ದಿನಕ್ಕ 5 ಗ್ರಾಂ ಮೀರಬಾರದು ಅಂತ ಲೆಕ್ಕ ಐತಿ, ಉಳಿದ ಊಟಕ್ಕೂ ಜಾಗ ಉಳೀತೈತಿ. ಉಪ್ಪಿನ ನೀರಾಗ ರಾತ್ರಿಯೆಲ್ಲಾ ಮುಳುಗಿಸೂ ಪದ್ಧತಿ ಬಿಪಿ ಇದ್ದವ್ರಿಗೆ ಬ್ಯಾಡ. ಮಸಾಲಿ ಹಚ್ಚಿದ್ದನ್ನ ಫ್ರಿಜ್‌ನ್ಯಾಗ ಇಡ್ರಿ, ಕಟ್ಟಿ ಮ್ಯಾಲ ಬಿಡಬ್ಯಾಡ್ರಿ.

ಇನ್ನೊಂದು. ಲೋ ಸೋಡಿಯಂ ಉಪ್ಪು ಅಂತ ಸಿಗತೈತಿ, ಅದರಾಗ ಪೊಟ್ಯಾಸಿಯಂ ಇರತೈತಿ. ಕೆಲವು ಬಿಪಿ ಗುಳಗಿ ಜೊತಿ ಅದು ರಕ್ತದಾಗ ಪೊಟ್ಯಾಸಿಯಂ ಏರಸತೈತಿ. ಅಣ್ಣಾರ ಡಾಕ್ಟರ್‌ನ್ನ ಕೇಳದ ತರಬ್ಯಾಡ್ರಿ.

ವಿದ್ಯಾನಗರದಾಕಿ, ಹುಬ್ಬಳ್ಳಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಟೀಚರ್, ನಿಮ್ಮ ಬದನಿಕಾಯಿ ಮಾತು ಓದಿ ಅತ್ತಿಯವ್ರು "ನಾಳೆನ ಮಾಡು" ಅಂದ್ರು. ಕೆಲಗೇರಿ ಅಣ್ಣಾ, ಇನ್ನೊಂದು ಕೇಳೂದೈತಿ. ನಮ್ಮನಿಯವ್ರಿಗೆ ಮಟನ್ ಬೇಕ ಬೇಕು. ಅದು ಹೊಗ್ಯಾಗ ಮೆತ್ತಗಾಗಲಿಕ್ಕೆ ಅರ್ಧ ದಿನ ಹಿಡೀತೈತಿ ಅಂತ ಮೈದುನ ಅಂತಾನ. ಅಷ್ಟು ಹೊತ್ತು ಹೊಗಿ ಕುಡಿಸಿದ್ರ ನೀವು ಹೇಳಿದ್ದೆಲ್ಲಾ ನೀರಾಗ ಹೋತಲ್ರಿ?

ಕೆಲಗೇರಿ ತ್ವಾಟದವ, ಧಾರವಾಡ:

ಖರೆ ಅಂದ್ರಿ ಅಕ್ಕಾರ. ಅದಕ್ಕ ಮಟನ್ ಪೂರಾ ಸ್ಮೋಕರ್‌ನ್ಯಾಗ ಬೇಯಿಸೂದ ಬ್ಯಾಡ. ಪಕ್ಕೆಲುಬು ಬಿಡ್ರಿ, ಅದರಾಗ ಕೊಬ್ಬು ಜಾಸ್ತಿ. ಆಡಿನ ತೊಡಿ ಕೇಳಿ ತರ್ರಿ, ಕುರಿ ಮಾಂಸಕ್ಕಿಂತ ಆಡಿಂದು ಭಾಳ ತೆಳ್ಳಗ. ಬೆಂದದ್ದು 100 ಗ್ರಾಂಗೆ ಸುಮಾರು 143 ಕ್ಯಾಲೊರಿ, ಕೊಬ್ಬು 3 ಗ್ರಾಂ ಅಷ್ಟ. ಕಣ್ಣಿಗೆ ಕಾಣೂ ಬಿಳಿ ಕೊಬ್ಬು ಚಾಕುಲೆ ತಗದು, ಬ್ಯಾಡಗಿಯವ್ರು ಹೇಳಿದ ಮಸಾಲಿನ ಹಚ್ಚಿ, ತೆಳು ಹೊಗ್ಯಾಗ ಮುಕ್ಕಾಲು ತಾಸು ಇಡ್ರಿ. ಹೊರಗ ಬಣ್ಣ ಬರತೈತಿ, ಒಳಗ ಇನ್ನೂ ಹಸೀನ ಇರತೈತಿ. ತಡಾ ಮಾಡದ ನೇರ ಕುಕ್ಕರ್‌ಗೆ ಹಾಕ್ರಿ. ಎರಡು ವಾಟಿ ನೀರು, ಸೀಟಿ ಆದ ಮ್ಯಾಲ ಸಣ್ಣ ಉರಿಯಾಗ ಎಲುಬು ಬಿಡೂತನಕ.

ಆ ರಸ ಚೆಲ್ಲಬ್ಯಾಡ್ರಿ. ಆರಿದ ಮ್ಯಾಲ ಫ್ರಿಜ್‌ನ್ಯಾಗ ಇಟ್ರ ಕೊಬ್ಬು ಮ್ಯಾಲ ಬಿಳಿ ಪದರ ಆಗಿ ಗಟ್ಟಿ ಆಗತೈತಿ. ಚಮಚಾಲೆ ಎತ್ತಿ ಒಗದು, ಕೆಳಗಿನ ರಸ ಕುದಿಸಿ, ಮೆಣಸಿನಪುಡಿ ಹಾಕಿ ರೊಟ್ಟಿಗೆ ಹಚ್ಚಿಕೊಳ್ರಿ.