ಪ್ರಶ್ನೋತ್ತರ: ಅಟಾರ್ನಿ ಜನರಲ್‌ಗೆ ನೋಟಿಸು ಯಾವಾಗ?

ಪ್ರಶ್ನೆ (ಸಾಗರ): ಅರಣ್ಯ ಇಲಾಖೆ ಜೊತೆ ಜಾಗದ ತಕರಾರು, ಕೇಂದ್ರವೂ ಪ್ರತಿವಾದಿ ಆಗಬೇಕು. ದಾವಾ ಹಾಕುವ ಮೊದಲು ಅಟಾರ್ನಿ ಜನರಲ್‌ಗೇ ನೇರ ಅರ್ಜಿ ಬರೆದರೆ ಆಗುತ್ತದಾ?

ಉತ್ತರ (ವಕೀಲರು): ಬರೆದರೆ ಅಂಚೆ ಖರ್ಚು ದಂಡ. ಸಂವಿಧಾನದ 76ನೇ ವಿಧಿಯಂತೆ ಅವರು ಭಾರತ ಸರ್ಕಾರಕ್ಕೆ ಕಾನೂನು ಸಲಹೆ ಕೊಡುವವರು, ದೂರು ವಿಚಾರಿಸುವ ಅಧಿಕಾರಿಯಲ್ಲ. ನಿಮಗೆ ಬೇಕಾದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸು. ಕೇಂದ್ರಕ್ಕಾದರೆ ಕಾರ್ಯದರ್ಶಿಗೆ (ರೈಲ್ವೆ ವಿಷಯವಾದರೆ ಜನರಲ್ ಮ್ಯಾನೇಜರಿಗೆ), ರಾಜ್ಯಕ್ಕಾದರೆ ಕಾರ್ಯದರ್ಶಿ ಇಲ್ಲವೇ ಜಿಲ್ಲಾಧಿಕಾರಿಗೆ. ಅದರಲ್ಲಿ ನಿಮ್ಮ ಹೆಸರು, ವಾಸಸ್ಥಳ, ವ್ಯಾಜ್ಯಕಾರಣ, ಕೇಳುವ ಪರಿಹಾರ ಇರಬೇಕು. ಮುಟ್ಟಿಸಿ 2 ತಿಂಗಳು ಕಾಯಬೇಕು. ನಾಳೆಯೇ ಒಕ್ಕಲೆಬ್ಬಿಸುವ ಭಯವಿದ್ದರೆ 80(2)ರಡಿ ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆಯೂ ದಾವಾ ಹೂಡಬಹುದು.

ಎಡವುವುದು ಇಲ್ಲಿ: ಪ್ರತಿವಾದಿಯ ಜಾಗದಲ್ಲಿ ಬರೀ ‘ಅರಣ್ಯ ಇಲಾಖೆ’ ಎಂದು ಬರೆಯುತ್ತಾರೆ. ಅದೇ ಸಂಹಿತೆಯ 79ನೇ ಕಲಮಿನಂತೆ ‘ಭಾರತ ಒಕ್ಕೂಟ’, ‘ಕರ್ನಾಟಕ ರಾಜ್ಯ’ ಎಂದೇ ಇರಬೇಕು. ನೋಟಿಸು ಮುಟ್ಟಿಸಿದ ಮಾತು ದಾವಾಪತ್ರದಲ್ಲೂ ಬರಬೇಕು, ಅದೂ ಮರೆತುಹೋಗುತ್ತದೆ.

ಪ್ರಶ್ನೆ (ಹೊಸನಗರ): ಹಾಗಾದರೆ ಅಟಾರ್ನಿ ಜನರಲ್‌ಗೂ ತಾಲ್ಲೂಕು ಕೋರ್ಟಿನ ಕೇಸಿಗೂ ಸಂಬಂಧವೇ ಇಲ್ಲವಾ?

ಉತ್ತರ: ಒಂದು ಬಾಗಿಲಿದೆ. ಸಂವಿಧಾನದ ಅರ್ಥದ ಬಗ್ಗೆ ಗಣನೀಯ ಕಾನೂನು ಪ್ರಶ್ನೆ ಎದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 27ಎ ಪ್ರಕಾರ ನೋಟಿಸು ಕೊಡದೆ ಕೋರ್ಟು ಅದನ್ನು ತೀರ್ಮಾನಿಸುವಂತಿಲ್ಲ. ಪ್ರಶ್ನೆ ಕೇಂದ್ರ ಸರ್ಕಾರಕ್ಕೆ ಸೇರಿದ್ದರೆ ಅಟಾರ್ನಿ ಜನರಲ್‌ಗೆ, ರಾಜ್ಯದ್ದಾದರೆ ರಾಜ್ಯ ಸರ್ಕಾರದ ಕಾನೂನು ಸಲಹೆಗಾರರಾದ ಅಡ್ವೊಕೇಟ್ ಜನರಲ್‌ಗೆ. ಮಲೆನಾಡಿನ ಕಾಡಿನ ಕೇಸುಗಳಲ್ಲಿ ಗೊಂದಲ ಇದೇ: 1963ರ ಕರ್ನಾಟಕ ಅರಣ್ಯ ಕಾಯ್ದೆ ರಾಜ್ಯದ್ದು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರಲ್ಲಿ ಹೆಸರು ಬದಲಾಗಿದೆ) ಕೇಂದ್ರದ್ದು. ಎರಡನ್ನೂ ಪ್ರಶ್ನಿಸಿದರೆ ಇಬ್ಬರಿಗೂ ನೋಟಿಸು. ಕಾಯ್ದೆಯ ಸಿಂಧುತ್ವ ತೀರ್ಮಾನವಾಗದೆ ದಾವಾ ಮುಗಿಯದು, ಕಾಯ್ದೆ ಅಸಿಂಧು ಎಂದೇ ಕೆಳ ಕೋರ್ಟಿಗೂ ಅನ್ನಿಸಿತು, ಆದರೆ ಹೈಕೋರ್ಟಾಗಲಿ ಸುಪ್ರೀಂ ಕೋರ್ಟಾಗಲಿ ಹಾಗೆ ಹೇಳಿಲ್ಲ ಎಂದರೆ 113ನೇ ಕಲಮಿನಡಿ ಹೈಕೋರ್ಟಿಗೆ ಒಪ್ಪಿಸಬೇಕು. ಅದಕ್ಕೇ ಇಂಥವನ್ನು ಮೊದಲಿಂದಲೇ ರಿಟ್ (ಹೈಕೋರ್ಟಿಗೇ ನೇರ ಅರ್ಜಿ) ಮಾಡುವುದು ಲೇಸು, ರಿಟ್‌ಗೆ 80ರ ನೋಟಿಸೂ ಬೇಡ.

ಪ್ರಶ್ನೆ: ನೋಟಿಸು ಕೊಟ್ಟರೆ ಅಟಾರ್ನಿ ಜನರಲ್ ಖುದ್ದು ಬರುತ್ತಾರಾ?

ಉತ್ತರ: ದೇಶದ ಎಲ್ಲ ಕೋರ್ಟಲ್ಲೂ ವಾದಿಸುವ ಹಕ್ಕಿದೆ, ಸಾಗರದ್ದೂ ಸೇರಿ! ಆದರೆ ನಡೆಯುವುದೇ ಬೇರೆ, ಹೈಕೋರ್ಟಿನಲ್ಲಿ ಸಾಮಾನ್ಯವಾಗಿ ಕೇಂದ್ರದ ಪರ ವಕೀಲರಾದ ಅಡಿಷನಲ್ ಅಥವಾ ಡೆಪ್ಯುಟಿ ಸಾಲಿಸಿಟರ್ ಜನರಲ್ ನಿಲ್ಲುತ್ತಾರೆ. ಅಂದಹಾಗೆ ಶಿವಮೊಗ್ಗ ಜಿಲ್ಲೆಯ ರಿಟ್ ಬೆಂಗಳೂರಿಗೆ. ಪಕ್ಕದ ಸಿದ್ದಾಪುರ ಉತ್ತರ ಕನ್ನಡವಾದ್ದರಿಂದ ಹೈಕೋರ್ಟಿನ ಧಾರವಾಡ ಪೀಠಕ್ಕೆ.